ಯಾವ ಡಬ್ಬಿಗೆ ಕೈ ಹಾಕಿದರೆ ಲಾಭ? ಚೀಟಿ ಎತ್ತುವುದರ ಹಿಂದಿನ ಲೆಕ್ಕ

ಎದುರಿಗೆ ಎರಡು ಡಬ್ಬಿ. ಒಂದರಲ್ಲಿ 10 ಗೋಲಿ, ಅದರಲ್ಲಿ 3 ಕೆಂಪು. ಇನ್ನೊಂದರಲ್ಲಿ 25 ಗೋಲಿ, ಅದರಲ್ಲಿ 7 ಕೆಂಪು. ನೋಡದೆ ಒಂದೇ ಒಂದು ಗೋಲಿ ಎತ್ತಬೇಕು. ಕೆಂಪು ಬಂದರೆ ಗೆಲುವು. ಯಾವ ಡಬ್ಬಿಗೆ ಕೈ ಹಾಕಬೇಕು?

ಏಳು ಕೆಂಪು ಇರುವ ಡಬ್ಬಿಯತ್ತ ಕೈ ತಾನಾಗಿಯೇ ಹೋಗುತ್ತದೆ. ಲೆಕ್ಕ ಹೇಳುವುದು ಬೇರೆ. 3/10 ದೊಡ್ಡದೋ 7/25 ದೊಡ್ಡದೋ ಎಂದು ತಿಳಿಯಲು ಅಡ್ಡ ಗುಣಾಕಾರ ಸಾಕು: 3×25 = 75, 7×10 = 70. ಮೊದಲನೆಯ ಡಬ್ಬಿಯೇ ಮೇಲು. ದಶಮಾಂಶದಲ್ಲಿ ಹೇಳುವುದಾದರೆ 0.30 ಮತ್ತು 0.28. ಇಲ್ಲಿ ಎಡವುವುದು ಲೆಕ್ಕ ಬಾರದವರು ಮಾತ್ರ ಅಲ್ಲ. ವೆರೋನಿಕಾ ಡೆನೆಸ್-ರಾಜ್ ಮತ್ತು ಸೀಮೋರ್ ಎಪ್ಸ್ಟೀನ್ ಎಂಬ ಮನೋವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತರಲ್ಲಿ ಒಂದು ಕೆಂಪು ಮಿಠಾಯಿ ಇರುವ ಬಟ್ಟಲನ್ನು ಬಿಟ್ಟು, ನೂರರಲ್ಲಿ ಹತ್ತಕ್ಕಿಂತ ಕಡಿಮೆ ಕೆಂಪು ಇರುವ ಬಟ್ಟಲನ್ನು ಆರಿಸಿಕೊಂಡವರು ಬಹಳ ಮಂದಿ. ಎರಡನೆಯದರಲ್ಲಿ ಗೆಲ್ಲುವ ಅವಕಾಶ ಕಡಿಮೆ ಎಂದು ಗೊತ್ತಿದ್ದೂ ಹಾಗೆ ಮಾಡಿದರು. ಕಣ್ಣು ಕೆಂಪನ್ನು ಎಣಿಸುತ್ತದೆ, ಒಟ್ಟನ್ನು ಮರೆಯುತ್ತದೆ.

ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಕಾಣುವ ಇನ್ನೊಂದು ತಪ್ಪಿದೆ. "ಕೆಂಪು 3, ಬಿಳಿ 7" ಎಂದು ಕೊಟ್ಟಾಗ ಸಂಭವನೀಯತೆ 3/7 ಎಂದು ಬರೆದುಬಿಡುವುದು. ಮೂರಕ್ಕೆ ಏಳು ಎನ್ನುವುದು ಗೆಲುವು-ಸೋಲಿನ ಅನುಪಾತ. ಸಂಭವನೀಯತೆಯಲ್ಲಿ ಛೇದದ ಜಾಗಕ್ಕೆ ಬರಬೇಕಾದದ್ದು ಒಟ್ಟು, ಅಂದರೆ 10. ಎರಡೂ ಡಬ್ಬಿಗಳಿಗೆ ಅನುಪಾತವನ್ನೇ ಬರೆದು ಹೋಲಿಸಿದರೆ ಉತ್ತರ ತಪ್ಪುವುದಿಲ್ಲ: 3/7 ಮತ್ತು 7/18ರಲ್ಲೂ ಮೊದಲನೆಯದೇ ದೊಡ್ಡದು. ಒಂದಕ್ಕೆ ಅನುಪಾತ, ಇನ್ನೊಂದಕ್ಕೆ ಸಂಭವನೀಯತೆ ಬರೆದಾಗ ಮಾತ್ರ ಎಲ್ಲ ಕೆಡುತ್ತದೆ. 3/10ನ್ನು 7/18ರ ಪಕ್ಕದಲ್ಲಿಟ್ಟರೆ ಸೋಲುವ ಡಬ್ಬಿ ಗೆದ್ದಂತೆ ಕಾಣುತ್ತದೆ.

ಇಂಥ ಲೆಕ್ಕಗಳಲ್ಲಿ ಗುಣಾಕಾರ ತಪ್ಪುವುದು ಕಡಿಮೆ. ಏನನ್ನು ಎಣಿಸಬೇಕು ಎಂದು ತೀರ್ಮಾನಿಸುವಲ್ಲಿ ತಪ್ಪುತ್ತದೆ. ಮುಂದಿನ ಎಲ್ಲ ಉದಾಹರಣೆಗಳೂ ಅದರದೇ ಬೇರೆ ಬೇರೆ ರೂಪಗಳು.

ಬೇರೆಯಾಗಿ ಗೆದ್ದದ್ದು, ಕೂಡಿಸಿದಾಗ ಸೋಲಬಹುದು

ಎರಡು ಕೋಣೆಗಳಿವೆ, ಪ್ರತಿ ಕೋಣೆಯಲ್ಲೂ ಒಂದು ಬಿಳಿ ಚೀಲ, ಒಂದು ಕರಿ ಚೀಲ ಎಂದುಕೊಳ್ಳಿ. ಮೊದಲ ಕೋಣೆಯ ಬಿಳಿ ಚೀಲದಲ್ಲಿ 30 ಗೋಲಿ, 9 ಕೆಂಪು. ಕರಿ ಚೀಲದಲ್ಲಿ 8 ಗೋಲಿ, 2 ಕೆಂಪು. ಅಂದರೆ 0.30 ಮತ್ತು 0.25, ಬಿಳಿ ಚೀಲ ಮೇಲು. ಎರಡನೆಯ ಕೋಣೆಯ ಬಿಳಿ ಚೀಲದಲ್ಲಿ 8 ಗೋಲಿ, 7 ಕೆಂಪು. ಕರಿ ಚೀಲದಲ್ಲಿ 30 ಗೋಲಿ, 24 ಕೆಂಪು. 0.875 ಮತ್ತು 0.80, ಇಲ್ಲೂ ಬಿಳಿ ಚೀಲವೇ ಮೇಲು. ಈಗ ಎರಡೂ ಬಿಳಿ ಚೀಲಗಳನ್ನು ಒಂದಕ್ಕೆ ಸುರಿಯಿರಿ, ಎರಡೂ ಕರಿ ಚೀಲಗಳನ್ನು ಇನ್ನೊಂದಕ್ಕೆ. ಬಿಳಿಯದರಲ್ಲಿ 38ಕ್ಕೆ 16 ಕೆಂಪು, ಸುಮಾರು 0.42. ಕರಿಯದರಲ್ಲಿ 38ಕ್ಕೆ 26 ಕೆಂಪು, ಸುಮಾರು 0.68. ಎರಡು ಕೋಣೆಗಳಲ್ಲೂ ಸೋತಿದ್ದ ಕರಿ ಚೀಲ ಭಾರೀ ಅಂತರದಿಂದ ಗೆದ್ದಿತು.

ಇದರಲ್ಲಿ ಮೋಸವೇನೂ ಇಲ್ಲ. ಬಿಳಿ ಚೀಲದ ಹೆಚ್ಚಿನ ಗೋಲಿಗಳು ಕೆಂಪು ವಿರಳವಾಗಿರುವ ಕೋಣೆಯಿಂದ ಬಂದವು, ಕರಿ ಚೀಲದವು ಕೆಂಪು ಧಾರಾಳವಾಗಿರುವ ಕೋಣೆಯಿಂದ. ಸುರಿದ ಮೇಲೆ ಬರುವ ಭಿನ್ನರಾಶಿ ಎರಡು ಭಿನ್ನರಾಶಿಗಳ ಸರಾಸರಿಯಲ್ಲ, ಗೋಲಿಗಳ ಸಂಖ್ಯೆಯ ತೂಕ ಹಾಕಿದ ಸರಾಸರಿ. ಎರಡು ಆಸ್ಪತ್ರೆಗಳ ಚಿಕಿತ್ಸೆಯನ್ನೋ ಎರಡು ಶಾಲೆಗಳ ಫಲಿತಾಂಶವನ್ನೋ ಒಟ್ಟು ಶೇಕಡಾವಾರು ಒಂದರಿಂದಲೇ ಅಳೆಯುವಾಗ ಈ ಅಪಾಯ ಇದ್ದೇ ಇರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದು ಸಿಂಪ್ಸನ್ ವಿರೋಧಾಭಾಸ.

ಎಲ್ಲ ಫಲಿತಾಂಶಗಳೂ ಸಮಾನವೇ?

"ಬೇಕಾದವು ಎಷ್ಟು, ಒಟ್ಟು ಎಷ್ಟು" ಎಂಬ ಭಾಗಾಕಾರಕ್ಕೆ ಬೆಲೆ ಬರುವುದು ಪ್ರತಿಯೊಂದು ಫಲಿತಾಂಶವೂ ಅಷ್ಟೇ ಸುಲಭವಾಗಿ ಬರುವಂತಿದ್ದಾಗ ಮಾತ್ರ. ಎರಡು ನಾಣ್ಯ ಚಿಮ್ಮಿದಾಗ "ಎರಡೂ ಹೆಡ್, ಎರಡೂ ಟೇಲ್, ಒಂದೊಂದು" ಎಂದು ಮೂರು ಫಲಿತಾಂಶ ಎಣಿಸಿ ತಲಾ 1/3 ಎನ್ನುವವರಿದ್ದಾರೆ. ಆದರೆ "ಒಂದೊಂದು" ಎರಡು ದಾರಿಯಲ್ಲಿ ಬರುತ್ತದೆ: ಮೊದಲ ನಾಣ್ಯ ಹೆಡ್ ಎರಡನೆಯದು ಟೇಲ್, ಇಲ್ಲವೇ ತಿರುವುಮುರುವು. ಹಾಗಾಗಿ ಅದರ ಪಾಲು 2/4. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ ಕೂಡ 18ನೇ ಶತಮಾನದಲ್ಲಿ ಇದೇ ಜಾಗದಲ್ಲಿ ಎಡವಿದ್ದರು. ಎರಡು ಚಿಮ್ಮುವಿಕೆಯಲ್ಲಿ ಒಮ್ಮೆಯಾದರೂ ಹೆಡ್ ಬರುವ ಸಂಭವ 2/3 ಎಂದು ಬರೆದರು. ಸರಿಯಾದದ್ದು 3/4.

ಮೂರು ದಾಳಗಳ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಮೊತ್ತ 9 ಬರಲು ಆರು ಬಗೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10ಕ್ಕೂ ಆರೇ ಬಗೆ: 1-3-6, 1-4-5, 2-2-6, 2-3-5, 2-4-4, 3-3-4. ಹಾಗಿದ್ದರೂ ಆಡಿ ಪಳಗಿದ ಇಟಲಿಯ ಜೂಜುಗಾರರಿಗೆ 10 ತುಸು ಹೆಚ್ಚು ಬೀಳುತ್ತದೆ ಎನ್ನಿಸಿತ್ತು. 17ನೇ ಶತಮಾನದ ಮೊದಲ ಭಾಗದಲ್ಲಿ ಗೆಲಿಲಿಯೊ ಈ ಪ್ರಶ್ನೆಗೆ ಉತ್ತರ ಬರೆದರು. ಮೂರು ದಾಳಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಬಳಿದಂತೆ ಊಹಿಸಿಕೊಂಡರೆ ಉತ್ತರ ಕಣ್ಣಿಗೆ ಬೀಳುತ್ತದೆ. ಮೂರೂ ಅಂಕಿ ಬೇರೆಯಾದರೆ ಅವು 6 ರೀತಿಯಲ್ಲಿ ಬೀಳಬಹುದು, ಎರಡು ಒಂದೇ ಆದರೆ 3 ರೀತಿ, ಮೂರೂ ಒಂದೇ ಆದರೆ ಒಂದೇ ರೀತಿ. ಮೇಲಿನ ಪಟ್ಟಿಗೆ ಅನ್ವಯಿಸಿದರೆ 9ಕ್ಕೆ 6+6+3+3+6+1 = 25; 10ಕ್ಕೆ 6+6+3+6+3+3 = 27. ಒಟ್ಟು ದಾರಿಗಳು 216. ವ್ಯತ್ಯಾಸ 2/216, ನೂರಕ್ಕೆ ಒಂದೂ ಇಲ್ಲ. 3-3-3 ಎಂಬ ಒಂಟಿ ದಾರಿಯೇ ಒಂಬತ್ತನ್ನು ಹಿಂದಕ್ಕೆ ಎಳೆಯಿತು.

ನಮ್ಮ ಚೌಕಾಬಾರದಲ್ಲಿ ಈ ಎರಡು ತೊಡಕುಗಳೂ ಒಟ್ಟಿಗೆ ಬರುತ್ತವೆ. ನಾಲ್ಕು ಕವಡೆ ಎಸೆದಾಗ ಅಂಗಾತ, ಅಂದರೆ ಬಾಯಿ ಮೇಲಾಗಿ, ಬಿದ್ದವನ್ನು ಎಣಿಸುತ್ತೇವೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕವಡೆ ಅಂಗಾತವಾಗುವುದೂ ಬೋರಲಾಗುವುದೂ ಸಮಸಮ ಎಂದುಕೊಂಡರೆ 16 ದಾರಿಗಳಲ್ಲಿ ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಎರಡು ಬೀಳುವಷ್ಟು ಬೇರೆ ಯಾವುದೂ ಬೀಳಬಾರದು, ಚೌಕ-ಬಾರ ಸಮನಾಗಿರಬೇಕು.

ಆದರೆ ಕವಡೆ ನಾಣ್ಯವಲ್ಲ. ಒಂದು ಬದಿ ಸೀಳುಬಾಯಿಯ ಚಪ್ಪಟೆ, ಇನ್ನೊಂದು ಬದಿ ಉಬ್ಬಿದ ಬೆನ್ನು. ಬೆನ್ನು ಎಷ್ಟು ಉಬ್ಬಿದೆ, ಸವೆದು ಎಷ್ಟು ಇಳಿದಿದೆ, ಎಸೆಯುವ ನೆಲ ಮಣ್ಣೋ ಗಾರೆಯೋ, ಇವೆಲ್ಲ ಪಾಲನ್ನು ಬದಲಿಸುತ್ತವೆ. ಉದಾಹರಣೆಗೆ ಒಂದು ಕವಡೆ ಅಂಗಾತವಾಗುವ ಸಂಭವ 0.4 ಎಂದಿಟ್ಟುಕೊಳ್ಳಿ. ಆಗ ಚೌಕ 0.4×0.4×0.4×0.4 = 0.0256. ಬಾರ 0.6×0.6×0.6×0.6 = 0.1296. ಒಂದು ಕವಡೆಯಲ್ಲಿ ಅಷ್ಟೇನೂ ಕಾಣದ ಓರೆ ನಾಲ್ಕು ಕವಡೆ ಸೇರಿದಾಗ ಐದು ಪಟ್ಟಾಯಿತು. ಒಂದು ಮತ್ತು ಎರಡು ಈಗ ಸಮ, ತಲಾ 0.3456. ಹುಣಸೆಬೀಜದ ಒಂದು ಮೈಯನ್ನು ತೇದು ಬಿಳಿ ಮಾಡಿ ಆಡುವವರಿಗೂ ಇದೇ ಮಾತು. ಎಷ್ಟು ತೇದಿದ್ದೇವೆ ಎಂಬುದರ ಮೇಲೆ ಆಟವೇ ಬದಲಾಗುತ್ತದೆ.

ನಿಮ್ಮ ಮನೆಯ ಕವಡೆಗಳ ಓರೆ ಎಷ್ಟು ಎಂದು ತಿಳಿಯಬೇಕಾದರೆ ನಾಲ್ಕನ್ನೂ 50 ಸಲ ಎಸೆದು, ಒಟ್ಟು 200ರಲ್ಲಿ ಅಂಗಾತವಾದವನ್ನು ಗೀಟು ಹಾಕಿ ಎಣಿಸಿ. 80 ಬಂದರೆ ಅಂದಾಜು 0.40. ಅದನ್ನೇ ಕೊನೆಯ ಮಾತೆಂದು ನಂಬಬೇಡಿ. 200 ಎಸೆತದ ಲೆಕ್ಕದಲ್ಲಿ ನಿಜವಾದ ಬೆಲೆ 0.33ರಿಂದ 0.47ರ ನಡುವೆ ಎಲ್ಲಾದರೂ ಇರಬಹುದು. ಆ ಹರಹನ್ನು ಅರ್ಧಕ್ಕಿಳಿಸಲು ಎಸೆತಗಳನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ.

ಮೊದಲು ಎತ್ತಿದವರಿಗೆ ಲಾಭವೇ?

ಐದು ಚೀಟಿ, ಒಂದರಲ್ಲಿ ಮಾತ್ರ ಗುರುತು. ಐವರು ಸಾಲಾಗಿ ಬಂದು ಒಂದೊಂದು ಎತ್ತುತ್ತಾರೆ. "ನಾನು ಕೊನೆಗೆ ಬರುವಷ್ಟರಲ್ಲಿ ಯಾರಾದರೂ ಎತ್ತಿಬಿಟ್ಟಿರುತ್ತಾರೆ" ಎಂಬ ಆತಂಕ ಸಾಮಾನ್ಯ. ಮೊದಲಿಗರಿಗೆ 1/5. ಎರಡನೆಯವರು ಗೆಲ್ಲಬೇಕಾದರೆ ಮೊದಲಿಗರು ತಪ್ಪಬೇಕು, ಆಮೇಲೆ ಉಳಿದ ನಾಲ್ಕರಲ್ಲಿ ಸರಿಯಾದದ್ದು ಸಿಗಬೇಕು: 4/5 × 1/4 = 1/5. ಮೂರನೆಯವರಿಗೆ 4/5 × 3/4 × 1/3, ಮತ್ತೆ 1/5. ಹಿಂದಿನ ಛೇದವನ್ನು ಮುಂದಿನ ಅಂಶ ಹೊಡೆದುಹಾಕುತ್ತಾ ಹೋಗುತ್ತದೆ. ಐದನೆಯವರವರೆಗೂ ಅಷ್ಟೇ.

ಚೀಟಿ ವ್ಯವಹಾರದಲ್ಲಿ ಇದು ತಿಂಗಳು ತಿಂಗಳೂ ಏಳುವ ಪ್ರಶ್ನೆ. ಹರಾಜಿಲ್ಲದೆ, ಹೆಸರು ಬರೆದ ಚೀಟಿ ಎತ್ತಿ ಹಣ ಕೊಡುವ 20 ಜನರ ಗುಂಪನ್ನು ತೆಗೆದುಕೊಳ್ಳಿ. ಒಮ್ಮೆ ಹಣ ಪಡೆದವರ ಹೆಸರು ಮುಂದಿನ ತಿಂಗಳು ಡಬ್ಬಿಗೆ ಬೀಳುವುದಿಲ್ಲ. 12ನೇ ತಿಂಗಳು ಡಬ್ಬಿಯಲ್ಲಿ 9 ಹೆಸರು, ಪ್ರತಿಯೊಬ್ಬರಿಗೂ 1/9. ಹಾಗಾದರೆ ತಡವಾದಷ್ಟೂ ಅವಕಾಶ ಹೆಚ್ಚಿತೇ? ಮೊದಲ ತಿಂಗಳಿಗೂ ಮುಂಚೆ ನಿಂತು "ನನಗೆ 12ನೇ ತಿಂಗಳೇ ಬರುವ ಸಂಭವ ಎಷ್ಟು" ಎಂದು ಕೇಳಿದರೆ ಉತ್ತರ 19/20 × 18/19 × … × 9/10 × 1/9, ಅಂದರೆ 1/20. ಯಾವ ತಿಂಗಳನ್ನು ಕೇಳಿದರೂ 1/20. 1/9 ಮತ್ತು 1/20 ಎರಡೂ ಸರಿ. ಒಂದು ಹನ್ನೊಂದು ತಿಂಗಳ ಫಲಿತಾಂಶ ತಿಳಿದ ಮೇಲಿನ ಮಾತು, ಇನ್ನೊಂದು ಏನೂ ತಿಳಿಯುವ ಮೊದಲಿನ ಮಾತು. ಈ ಎರಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೇ ತಪ್ಪು. ಮೊದಲ ಕಂತು ಚೀಟಿ ನಡೆಸುವವರಿಗೆ ಎಂಬ ಕರಾರಿದ್ದರೆ ಉಳಿದ 19 ಜನ 19 ತಿಂಗಳಿಗೆ ಪೈಪೋಟಿ ಮಾಡುತ್ತಾರೆ, ತಲಾ 1/19.

ಚುನಾವಣೆಯಲ್ಲೂ ಇದಕ್ಕೆ ಜಾಗವಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಇಬ್ಬರಿಗೆ ಸಮಾನ ಮತ ಬಂದು, ಒಂದೇ ಒಂದು ಮತ ಸೇರಿದರೂ ಒಬ್ಬರು ಗೆಲ್ಲುವಂತಿದ್ದರೆ, ಚುನಾವಣಾಧಿಕಾರಿ ಲಾಟರಿ ಎತ್ತಬೇಕು. ಹೆಸರು ಬಂದವರಿಗೆ ಒಂದು ಮತ ಹೆಚ್ಚುವರಿಯಾಗಿ ಬಂದಂತೆ ಲೆಕ್ಕ. ಮೂವರ ನಡುವೆ ಸಮಬಲವಾದರೆ ಗೆದ್ದವರ ಚೀಟಿಯನ್ನು ನೇರವಾಗಿ ಎತ್ತುವುದೂ, ಸೋತವರ ಚೀಟಿಯನ್ನು ಒಂದೊಂದಾಗಿ ಎತ್ತಿ ಕೊನೆಗೆ ಉಳಿದವರನ್ನು ಗೆಲ್ಲಿಸುವುದೂ ಲೆಕ್ಕದಲ್ಲಿ ಒಂದೇ. ಎರಡನೆಯ ಕ್ರಮದಲ್ಲಿ ಉಳಿಯುವ ಸಂಭವ 2/3 × 1/2 = 1/3. ಯಾವ ಕ್ರಮ ಎಂಬುದನ್ನು ಎತ್ತುವ ಮೊದಲೇ ಎಲ್ಲರೆದುರು ಹೇಳಿರಬೇಕು, ಅಷ್ಟೇ.

ಎತ್ತಿದ್ದನ್ನು ಮತ್ತೆ ಹಾಕಿದರೆ

10 ಗೋಲಿ, 4 ಕೆಂಪು. ಎರಡು ಎತ್ತಬೇಕು. ಮೊದಲನೆಯದನ್ನು ಮರಳಿ ಹಾಕಿ ಎರಡನೆಯದನ್ನು ಎತ್ತುವುದು ಒಂದು ಕ್ರಮ, ಹಾಕದೆ ಎತ್ತುವುದು ಇನ್ನೊಂದು. ಯಾವುದು ಒಳ್ಳೆಯದು? ಏನು ಬೇಕು ಎಂಬುದನ್ನು ಹೇಳದೆ ಇದಕ್ಕೆ ಉತ್ತರವಿಲ್ಲ.

ಎರಡೂ ಕೆಂಪಾಗಬೇಕೆಂದರೆ ಮರಳಿ ಹಾಕುವುದೇ ಮೇಲು: ಹಾಕಿದರೆ 4/10 × 4/10 = 0.16, ಹಾಕದಿದ್ದರೆ 4/10 × 3/9 = 0.133. ಒಂದಾದರೂ ಕೆಂಪು ಸಾಕೆಂದರೆ ಮಾತು ತಿರುಗುತ್ತದೆ: ಹಾಕಿದರೆ 1 − 0.6×0.6 = 0.64, ಹಾಕದಿದ್ದರೆ 1 − 6/10 × 5/9 = 0.667. ಸಿಗುವ ಕೆಂಪಿನ ಸರಾಸರಿ ಸಂಖ್ಯೆ ಮಾತ್ರ ಎರಡರಲ್ಲೂ 0.8. ಮರಳಿ ಹಾಕದಾಗ ಒಂದು ಕೆಂಪು ಬಂದರೆ ಮುಂದಿನದು ಕೆಂಪಾಗುವ ಸಂಭವ ಇಳಿಯುತ್ತದೆ, ಬಿಳಿ ಬಂದರೆ ಏರುತ್ತದೆ. ಹಾಗಾಗಿ ಎರಡು ತುದಿಗಳು ತೆಳುವಾಗಿ ನಡುವಿನ "ಒಂದೇ ಕೆಂಪು" ದಪ್ಪವಾಗುತ್ತದೆ. ಗೋಲಿ ಸಾವಿರವಿದ್ದು 400 ಕೆಂಪಾದರೆ "ಎರಡೂ ಕೆಂಪು" 0.16 ಮತ್ತು 0.1598. ಇಷ್ಟು ದೊಡ್ಡ ಡಬ್ಬಿಯಲ್ಲಿ ಭೇದ ಮರೆತರೂ ನಷ್ಟವಿಲ್ಲ.

ಇದೇ ಡಬ್ಬಿಯಿಂದ ಹುಟ್ಟುವ ಒಂದು ಸೊಗಸಾದ ಪ್ರಶ್ನೆ: ಮರಳಿ ಹಾಕದೆ ಎರಡು ಎತ್ತಿದಾಗ ಒಂದೇ ಬಣ್ಣ ಬರುತ್ತದೋ, ಬೇರೆ ಬೇರೆ ಬಣ್ಣವೋ? ಎರಡೂ ಬಣ್ಣ ಐದೈದು ಇದ್ದರೆ ಪಂದ್ಯ ಸಮ ಎನ್ನಿಸುತ್ತದೆ. ಅಲ್ಲ. ಮೊದಲು ಯಾವುದೇ ಬಂದರೂ ಉಳಿದ 9ರಲ್ಲಿ ಅದೇ ಬಣ್ಣದವು 4, ಬೇರೆಯವು 5. "ಬೇರೆ" ಎಂದವರಿಗೆ 5/9. ನಿಜಕ್ಕೂ ಸಮಪಂದ್ಯ ಬೇಕಾದರೆ 1 ಮತ್ತು 3, ಇಲ್ಲವೇ 3 ಮತ್ತು 6, ಇಲ್ಲವೇ 6 ಮತ್ತು 10 ಗೋಲಿ ಹಾಕಬೇಕು. ಎರಡು ಬಣ್ಣಗಳ ವ್ಯತ್ಯಾಸದ ವರ್ಗ ಒಟ್ಟು ಗೋಲಿಗಳಿಗೆ ಸಮವಾಗಬೇಕೆಂಬುದು ನಿಯಮ: 6−3 = 3, ಅದರ ವರ್ಗ 9, ಒಟ್ಟೂ 9. ಶಾಲೆಯ ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗುವುದು ಕಷ್ಟ.

ಐದಕ್ಕೊಂದು ಐದು ಸಲ ಆದರೆ ಖಚಿತವೇ?

ಐದು ಚೀಟಿಗೆ ಒಂದು ಬಹುಮಾನ. ಒಂದೇ ಆಟದಲ್ಲಿ ಎರಡು ಚೀಟಿ ಕೊಳ್ಳುವುದು ಒಳ್ಳೆಯದೋ, ಎರಡು ಆಟಗಳಲ್ಲಿ ಒಂದೊಂದು ಕೊಳ್ಳುವುದೋ? ಒಂದೇ ಆಟದಲ್ಲಾದರೆ 2/5, ಅಂದರೆ 0.40. ಎರಡು ಆಟಗಳಲ್ಲಾದರೆ ಎರಡನ್ನೂ ಸೋಲುವ ಸಂಭವ 0.8×0.8 = 0.64, ಒಂದಾದರೂ ಗೆಲ್ಲುವುದು 0.36. ಉಳಿದ 0.04 ಎಲ್ಲಿ ಹೋಯಿತು? ಎರಡೂ ಆಟ ಗೆಲ್ಲುವ ಸಾಧ್ಯತೆಯ ಪಾಲಿಗೆ. ಸಂಭವಗಳನ್ನು ನೇರವಾಗಿ ಕೂಡಿಸಬಹುದಾದದ್ದು ಎರಡೂ ಒಟ್ಟಿಗೆ ಘಟಿಸಲು ಸಾಧ್ಯವಿಲ್ಲದಾಗ ಮಾತ್ರ. ಇದನ್ನು ಮರೆತವರು ಐದು ಆಟ ಆಡಿದರೆ ಗೆಲುವು ಖಚಿತ ಎಂದುಕೊಳ್ಳುತ್ತಾರೆ. ಐದೂ ಆಟ ಸೋಲುವ ಸಂಭವ 0.8ನ್ನು ಐದು ಸಲ ಗುಣಿಸಿದಷ್ಟು, 0.328, ಮೂವರಲ್ಲಿ ಒಬ್ಬರು ಹೆಚ್ಚುಕಡಿಮೆ ಬರಿಗೈಯಲ್ಲೇ ಹೋಗುತ್ತಾರೆ. "ಒಂದಾದರೂ" ಎಂಬ ಪದ ಕಂಡಕೂಡಲೇ "ಒಂದೂ ಇಲ್ಲ" ಎಂಬುದನ್ನು ಲೆಕ್ಕ ಹಾಕಿ 1ರಿಂದ ಕಳೆಯುವುದು ಸುಲಭದ ದಾರಿ.

1654ರಲ್ಲಿ ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಇನ್ನೊಬ್ಬ ಗಣಿತಜ್ಞ ಫೆರ್ಮಾಗೆ ಬರೆದ ಪತ್ರದಲ್ಲಿ, ಜೂಜಿನ ಲೆಕ್ಕ ಕೇಳುತ್ತಿದ್ದ ಷೆವಲಿಯೆ ದ ಮೇರೆ ಎಂಬವರ ಗೊಂದಲವಾಗಿ ಬರುವುದೂ ಇದೇ. ಒಂದು ದಾಳವನ್ನು 4 ಸಲ ಎಸೆದು ಒಮ್ಮೆಯಾದರೂ ಆರು ಬೀಳುವುದರ ಮೇಲೆ ಪಣ ಕಟ್ಟಿದರೆ ಲಾಭ. ಎರಡು ದಾಳಗಳಲ್ಲಿ ಜೋಡಿ ಆರು ಬೇಕಾದರೆ? ಆರಕ್ಕೆ ನಾಲ್ಕಾದರೆ ಮೂವತ್ತಾರಕ್ಕೆ ಇಪ್ಪತ್ತನಾಲ್ಕು ಎಂದು ತ್ರೈರಾಶಿ ಹಾಕಿದರೆ ಸರಿಯೆನ್ನಿಸುತ್ತದೆ. ಪೂರಕದಿಂದ ನೋಡಿ: ಮೊದಲನೆಯದು 1 − 625/1296 = 0.518. ಎರಡನೆಯದು, 35/36ನ್ನು 24 ಸಲ ಗುಣಿಸಿ 1ರಿಂದ ಕಳೆದರೆ, 0.491. ಅರ್ಧದ ಗೆರೆಯ ಆಚೆ ಒಂದು, ಈಚೆ ಒಂದು. 25 ಎಸೆತವಾದರೆ 0.506, ಮತ್ತೆ ಲಾಭ. ತ್ರೈರಾಶಿಗೆ ಇಲ್ಲಿ ಪ್ರವೇಶವಿಲ್ಲ.

ಕಲಸದಿದ್ದರೆ ಎಲ್ಲ ಲೆಕ್ಕವೂ ದಂಡ

ಇಲ್ಲಿಯವರೆಗಿನ ಪ್ರತಿ ಭಿನ್ನರಾಶಿಯೂ ಡಬ್ಬಿ ಚೆನ್ನಾಗಿ ಕಲೆಸಿದೆ ಎಂದು ನಂಬಿಕೊಂಡು ಬರೆದದ್ದು. ಆ ನಂಬಿಕೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 1969ರ ಡಿಸೆಂಬರ್ 1ರ ಲಾಟರಿ ಸಾಕ್ಷಿ. ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕೆಂದು ನಿರ್ಧರಿಸಲು ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿ ಎತ್ತಿದರು; ಮೊದಲು ಬಂದ ದಿನಾಂಕಕ್ಕೆ ಕ್ರಮಸಂಖ್ಯೆ 1, ಆ ದಿನ ಹುಟ್ಟಿದವರಿಗೆ ಮೊದಲ ಕರೆ. ಮೊದಲು ಬಂದದ್ದು ಸೆಪ್ಟೆಂಬರ್ 14. ಗುಳಿಗೆಗಳನ್ನು ಪೆಟ್ಟಿಗೆಗೆ ತಿಂಗಳ ಕ್ರಮದಲ್ಲೇ ಸೇರಿಸಿದ್ದರು, ಡಿಸೆಂಬರಿನವು ಕೊನೆಗೆ. ಆಮೇಲೆ ಗಾಜಿನ ಜಾಡಿಗೆ ಸುರಿದರು. ಕಲಸಿದ್ದು ಸಾಲಲಿಲ್ಲ. ನ್ಯಾಯವಾಗಿ ಎತ್ತಿದ್ದರೆ ಪ್ರತಿ ತಿಂಗಳ ಸರಾಸರಿ ಕ್ರಮಸಂಖ್ಯೆ 183.5ರ ಆಸುಪಾಸಿನಲ್ಲಿ ಇರಬೇಕಿತ್ತು. ಮಾರ್ಚಿನದು 225.8, ಡಿಸೆಂಬರಿನದು 121.5. ವರ್ಷದ ಕೊನೆಯಲ್ಲಿ ಹುಟ್ಟಿದ ಯುವಕರಿಗೆ ಕರೆ ಬೇಗ ಬಂತು. ಮರುವರ್ಷ ಎರಡು ಪೀಪಾಯಿ ಇಟ್ಟರು, ಒಂದರಲ್ಲಿ ದಿನಾಂಕ, ಇನ್ನೊಂದರಲ್ಲಿ ಕ್ರಮಸಂಖ್ಯೆ. ತುಂಬುವ ಕ್ರಮವನ್ನೂ ಯಾದೃಚ್ಛಿಕ ಸಂಖ್ಯೆಗಳ ಪಟ್ಟಿಯಿಂದಲೇ ಆರಿಸಿದರು.

ಊರಿನ ಸಭೆಯಲ್ಲೋ ಸಂಘದಲ್ಲೋ ಚೀಟಿ ಎತ್ತುವವರಿಗೆ ಇದರಿಂದ ನೇರವಾಗಿ ಸಿಗುವ ಪಾಠಗಳಿವೆ. ಎಲ್ಲ ಚೀಟಿಗಳೂ ಒಂದೇ ಹಾಳೆಯಿಂದ, ಒಂದೇ ಅಳತೆಗೆ ಕತ್ತರಿಸಿದವಾಗಿರಲಿ. ಕೆಲವನ್ನು ಎರಡು ಮಡಿಕೆ, ಕೆಲವನ್ನು ನಾಲ್ಕು ಮಡಿಕೆ ಮಾಡಿದರೆ ಬೆರಳಿಗೆ ಗೊತ್ತಾಗುತ್ತದೆ. ದಪ್ಪ ಮಡಿಕೆ ಬೇಗ ಸಿಗುತ್ತದೆ. ಕಿರುಬಾಯಿಯ ಡಬ್ಬಿಯನ್ನು ಎಷ್ಟು ಕುಲುಕಿದರೂ ಹಗುರ ಕಾಗದ ಪದರ ಪದರವಾಗಿಯೇ ಉಳಿಯುತ್ತದೆ. ಅಗಲ ಪಾತ್ರೆಗೆ ಸುರಿದು ತಳದಿಂದ ಮೇಲಕ್ಕೆ ಕೈಯಿಂದ ಹಲವು ಸಲ ಮಗುಚಬೇಕು. ಹೆಸರುಗಳನ್ನು ಪಟ್ಟಿಯ ಕ್ರಮದಲ್ಲಿ ಹಾಕಿದ್ದರೆ ಇನ್ನೂ ಹೆಚ್ಚು ಸಲ. ಎತ್ತುವವರ ಕಣ್ಣಿಗೆ ಪಾತ್ರೆಯ ಒಳಗು ಕಾಣಬಾರದು. ಹಾಕುವ ಮೊದಲು ಚೀಟಿಗಳನ್ನು ಎಲ್ಲರೆದುರು ಎಣಿಸಬೇಕು, ಎಲ್ಲ ಮುಗಿದ ಮೇಲೆ ಎತ್ತಿದವನ್ನೂ ಉಳಿದವನ್ನೂ ಕೂಡಿಸಿ ನೋಡಬೇಕು. ಒಂದು ಚೀಟಿ ಇನ್ನೊಂದರ ಮಡಿಕೆಯೊಳಗೆ ಸಿಕ್ಕಿಕೊಂಡಿರುವುದು ಅಪರೂಪವೇನಲ್ಲ. ಹಾಗೆ ಸಿಕ್ಕಿಕೊಂಡ ಚೀಟಿಯ ಹೆಸರಿನವರು ಆ ಸುತ್ತಿನಲ್ಲಿ ಆಟದಲ್ಲೇ ಇರಲಿಲ್ಲ, ಆ ಸುತ್ತನ್ನು ಮತ್ತೆ ಎತ್ತಬೇಕಾಗುತ್ತದೆ.